ಸ್ವಸ್ಥತಾ ಕೂಟಕ್ಕೆ ಹಾಡು ಆರಿಸಿದವನು ನಾನೇ

ಚರ್ಚಿನಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥಿಸೋ ಸ್ವಸ್ಥತಾ ಕೂಟ ಇಟ್ಟುಕೊಳ್ಳೋಣ, ಹಾಡು ಯಾರು ನೋಡ್ಕೋತೀರಿ ಅಂತ ನಮ್ಮ ಪಾಸ್ಟರ್ ಅಯ್ಯನವರು ಕೇಳಿದ ತಕ್ಷಣ ಕಮಿಟಿಯವರೆಲ್ಲ ತಲೆ ತಗ್ಗಿಸಿ ಬೈಬಲ್ ತೆರೆದರು. ನಾನೊಬ್ಬನೇ ತಲೆ ಎತ್ತಿದ್ದೆ, ಅದೂ ಫ್ಯಾನು ಯಾಕೆ ಕಿರುಗುಡ್ತಿದೆ ಅಂತ ನೋಡೋಕೆ. ಕೆಲಸ ನನ್ನ ಪಾಲಿಗೆ ಬಂತು.

ಬೀದರಿನಲ್ಲಿ ಹಾಡಿನ ಪಟ್ಟಿ ಮಾಡುವುದು ಮದುವೆ ಮಾತುಕತೆಗಿಂತ ಕಷ್ಟ. ಜಹೀರಾಬಾದ್ ಕಡೆಯಿಂದ ಬರುವವರಿಗೆ ಒಂದು ತೆಲುಗು ಹಾಡು ಬೇಕು, ಉದಗೀರದ ಬೀಗರಿಗೆ ಮರಾಠಿ ಬೇಕು. 1956ಕ್ಕೆ ಮುಂಚೆ ನಮ್ಮದು ಹೈದರಾಬಾದ್ ರಾಜ್ಯ ಅಲ್ವಾ, ಆಗ ಉರ್ದುವಿನಲ್ಲಿ ಓದಿದ ಹಿರಿಯರೊಬ್ಬರು ಇನ್ನೂ ಮುಂದಿನ ಬೆಂಚಿನಲ್ಲೇ ಕೂರುತ್ತಾರೆ, ಅವರಿಗೆ ಉರ್ದು ಗೀತೆ ಇಲ್ಲದಿದ್ದರೆ ಅದು ಆರಾಧನೆಯೇ ಅಲ್ಲ. ಕನ್ನಡದಲ್ಲೂ ಎರಡು ಪಕ್ಷ. ಅಜ್ಜಿಯಂದಿರದ್ದು ಹಳೇ ಕೀರ್ತನೆ, ಹುಡುಗರದ್ದು ಕೋರಸ್.

ನಾನು ಶುರುವಿಗೆ ಮೂರು ಜೋರಿನ ಹಾಡು ಹಾಕಿದೆ, ಮೂರೂ ಎಂಟು ಮಾತ್ರೆಯ ಕೆಹರವಾ ತಾಳದವು, ಚಪ್ಪಾಳೆ ತಾನಾಗಿ ಬರಬೇಕು ಅಂತ. ಢೋಲಕ್ ಬಾರಿಸುವ ಕಾಕಾ ಪಟ್ಟಿ ನೋಡಿ, "ಒಂದಾದ್ರೂ ದಾದ್ರಾ ಹಾಕೋ ತಮ್ಮಾ, ಬರೋರು ಬ್ಯಾನಿ ಇದ್ದೋರು" ಅಂದರು. ದಾದ್ರಾ ಅಂದರೆ ಆರು ಮಾತ್ರೆಯ, ತೂಗುವಂಥ ತಾಳ. ನಾನು ಕೇಳಲಿಲ್ಲ. ಬದಲಿಗೆ ಅಯ್ಯನವರ ಹತ್ತಿರ ಹೋಗಿ ಜಂಬದಿಂದ ಬೈಬಲಿನ 1 ಸಮುವೇಲ 16ನೇ ಅಧ್ಯಾಯ ತೆಗೆದೆ. ದಾವೀದ ಕಿನ್ನರಿ ಬಾರಿಸಿದಾಗಲೆಲ್ಲ ಸೌಲ ರಾಜನಿಗೆ ಹಿಡಿದ ದುರಾತ್ಮದ ಕಾಟ ಇಳೀತಿತ್ತು ನೋಡಿ, ಸಂಗೀತಕ್ಕೆ ಅಂಥ ಶಕ್ತಿ ಇದೆ ಅಂದೆ. ಅಯ್ಯನವರು ಚಹಾ ಕುಡಿಯುತ್ತಲೇ, "ಎರಡು ಅಧ್ಯಾಯ ಮುಂದಕ್ಕ ಓದು" ಅಂದರು. ಓದಿದೆ. ಅಲ್ಲೂ ದಾವೀದ ಬಾರಿಸ್ತಾನೆ ಇದ್ದಾನೆ, ಸೌಲ ಅವನನ್ನ ಗೋಡೆಗೆ ಸೇರಿಸಿ ತಿವಿಯೋಕೆ ಈಟಿ ಎಸೀತಾನೆ.

ಕೂಟದ ಸಂಜೆ ಭಾಲ್ಕಿ, ಔರಾದ್ ಕಡೆಯಿಂದ ಟಂಟಂ ತುಂಬಿಕೊಂಡು ಜನ ಬಂದರು. ನಾನು ಮೈಕ್ ಹಿಡಿದು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿ ಹಾಡೋಣ ಅಂದೆ. ಯಾರೂ ಏಳಲಿಲ್ಲ. ಮತ್ತೆ ಅಂದೆ, ಇನ್ನೂ ಜೋರಾಗಿ. ಮೂರನೇ ಸಾಲಿನ ಅಜ್ಜಿಯೊಬ್ಬರು ಅಲ್ಲಿಂದಲೇ ಕೂಗಿದರು: "ನಿಂದರಾಕ ಬರ್ತಿದ್ರ ಇಲ್ಲಿಗ್ಯಾಕ ಬರ್ತಿದ್ವೋ ಯಪ್ಪಾ, ಮೊಳಕಾಲ ಸಲುವಾಗೇ ಬಂದೀವಿ!"

ಅದಾದ ಮೇಲೆ ಕೀಬೋರ್ಡು. ನಾವು ಕಪ್ಪು ಒಂದರ ಶ್ರುತಿಯಲ್ಲಿ ಪ್ರಾಕ್ಟೀಸ್ ಮಾಡಿದ್ದೆವು, ಯಾರದೋ ಮಗು ಮಧ್ಯಾಹ್ನ ಶ್ರುತಿ ಬದಲಿಸೋ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಆಟ ಆಡಿ ಹೋಗಿತ್ತು. ಶ್ರುತಿ ನಾಲ್ಕು ಮನೆ ಮೇಲೆ ಕೂತಿದೆ, ನುಡಿಸುವ ಹುಡುಗನಿಗೆ ಗೊತ್ತಿಲ್ಲ, ಕೈ ಇಡುವ ಜಾಗ ಅದೇ ಇದೆಯಲ್ಲ! ಎರಡನೇ ಚರಣದ ಹೊತ್ತಿಗೆ ಗಂಡಸರೆಲ್ಲ ಬಾಯಿ ಮುಚ್ಚಿದರು. ನಾನು ಮುಚ್ಚುವ ಹಾಗಿರಲಿಲ್ಲ. ಕುತ್ತಿಗೆಯ ನರ ಉಬ್ಬಿಸಿಕೊಂಡು ಮೂರೂ ಹಾಡು ಮುಗಿಸಿದೆ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಕಾಯಿಲೆ ಬಿದ್ದವರು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಯಾಕೋಬ 5:14ರಲ್ಲಿದೆ. ಆ ಹೊತ್ತಿಗೆ ಮೆಲ್ಲಗೆ ಹಾಡೋಕೆ ಅಂತ ಒಂದೇ ಒಂದು ಹಾಡು ಇಟ್ಟಿದ್ದೆ, ನಾಲ್ಕು ಸಾಲಿನದು, ಐದು ನಿಮಿಷ ಸಾಕು ಅನ್ನೋ ಲೆಕ್ಕ. ಪಾಳಿ ಹಚ್ಚಿದವರು ಎಪ್ಪತ್ತು ಜನ. ಒಬ್ಬೊಬ್ಬರೂ ಹಣೆಗೆ ಎಣ್ಣೆ ಹಚ್ಚಿಸಿಕೊಂಡು ಸುಮ್ನೆ ಹೋಗ್ತಾರಾ? ಬಿಪಿ ಹೇಳಿದರು, ಶುಗರ್ ಹೇಳಿದರು, ಮಗನಿಗೆ ನೌಕರಿ ಇಲ್ಲದ್ದು ಹೇಳಿದರು, ಒಬ್ಬರಂತೂ ಚೀಲದಿಂದ ಎಕ್ಸ್‌ರೇ ತೆಗೆದು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದರು. ನಾವು ಅದೇ ನಾಲ್ಕು ಸಾಲು ಸುತ್ತಿಸಿ ಸುತ್ತಿಸಿ ಹಾಡ್ತಾನೇ ಇದ್ದೆವು. ಅರ್ಧ ಗಂಟೆಗೆ ಕ್ವಾಯರಿನ ಹುಡುಗಿಯರು ನೀರು ಕುಡಿಯೋ ನೆಪದಲ್ಲಿ ಒಬ್ಬೊಬ್ಬರೇ ಮಾಯ. ಕಾಕಾ ಕಣ್ಣು ಮುಚ್ಚಿಕೊಂಡು ದಾದ್ರಾ ಬಾರಿಸುತ್ತಿದ್ದರು, ಭಕ್ತಿಯೋ ನಿದ್ದೆಯೋ ಹೇಳೋಕೆ ಬರ್ತಿರಲಿಲ್ಲ. ಐವತ್ತನೇ ನಿಮಿಷಕ್ಕೆ ನನ್ನ ಗಂಟಲು ಪೂರ್ತಿ ಕೂತಿತು.

ಏನು ಮಾಡಲಿ? ಮೈಕ್ ಕಾಕಾನ ಕೈಗೆ ಕೊಟ್ಟು ನಾನೂ ಹೋಗಿ ಪಾಳಿಯ ಕೊನೆಗೆ ನಿಂತೆ.

ಎಣ್ಣೆ ಹಚ್ಚುತ್ತಿದ್ದವರು ಬೇರೆ ಊರಿನಿಂದ ಬಂದ ಅತಿಥಿ ಬೋಧಕರು. ಸಂಜೆಯಿಡೀ ಜನರ ಕಡೆ ಮುಖ ಮಾಡಿದ್ದವರು, ನನ್ನನ್ನ ಸರಿಯಾಗಿ ನೋಡಿರಲಿಲ್ಲ. "ಏನು ತೊಂದರೆ ಮಗನೇ?" ಅಂದರು. ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಗಂಟಲು ಮುಟ್ಟಿ ಕೈ ಅಲ್ಲಾಡಿಸಿದೆ. ಅವರ ಮುಖ ಕರಗಿತು. "ಹುಟ್ಟಿದಾಗಿನಿಂದಾನಾ?" ಅಂದರು. ಅಲ್ಲ ಅಂತ ತಲೆ ಅಲ್ಲಾಡಿಸುವಷ್ಟರಲ್ಲಿ ಎರಡೂ ಕೈ ನನ್ನ ತಲೆ ಮೇಲೆ ಬಲವಾಗಿ ಕೂತಿದ್ದವು, ಅಲ್ಲಾಡಿಸಲಿಕ್ಕೆ ಆಗಲಿಲ್ಲ. ಈ ಮೂಕ ಮಗನ ನಾಲಿಗೆ ಬಿಚ್ಚು ಕರ್ತನೇ ಅಂತ ಸಭೆಗೆಲ್ಲ ಕೇಳೋ ಹಾಗೆ ಪ್ರಾರ್ಥನೆ ನಡೆಯಿತು. ಮುಗಿದಾಗ ಅಭ್ಯಾಸಬಲದಿಂದ ನನ್ನ ಬಾಯಿಂದ ಒಂದು ಸಣ್ಣ "ಆಮೆನ್" ಹೊರಬಿತ್ತು.

"ಮಾತಾಡಿದ!" ಅಂತ ಬೋಧಕರು ಎರಡೂ ಕೈ ಮೇಲೆತ್ತಿದರು.

ಮೂರನೇ ಸಾಲಿನ ಅಜ್ಜಿ ಮೊಳಕಾಲು ಒತ್ತಿಕೊಳ್ಳುತ್ತಾ ಅಂದರು: "ಒಂದ್ ತಾಸು ಸುಮ್ಮ ಇದ್ದ, ಅದನ್ನೂ ಬಿಡಿಸಿದ್ರಲ್ರೀ."