ನಮ್ಮ ತಾಳಕ್ಕೆ ಮಗು ಯಾಕೆ ಕುಣಿಯಬೇಕು?

ಮಗಳಿಗೆ ನಾಲ್ಕು ವರ್ಷ ಇದ್ದಾಗ ಶಾಲೆಯ ಡ್ಯಾನ್ಸ್‌ನಲ್ಲಿ ಅವಳನ್ನು ಕೊನೇ ಸಾಲಿಗೆ ಹಾಕಿದರು. "ಇವಳಿಗೆ ತಾಳ ಸಿಗ್ತಾ ಇಲ್ಲ" ಅಂದರು. ನನಗೂ ಹಾಗೇ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದು ಅದೇ ಹಾಡನ್ನು ಮೊಬೈಲಲ್ಲಿ ಹಾಕಿ, ಅವಳ ಎರಡೂ ಕೈ ಹಿಡಿದು ಚಪ್ಪಾಳೆ ಹೊಡೆಸಿದೆ. ಎರಡೇ ದಿನ. ಆಮೇಲೆ ಆ ಹಾಡು ಶುರುವಾದರೆ ಸಾಕು, ಮಂಚದ ಕೆಳಗೆ ಹೋಗಿ ಕೂರುತ್ತಿದ್ದಳು.

ಒಂದು ಸಂಜೆ ಡಬ್ಬ ಬೋರಲು ಹಾಕಿಕೊಂಡು ಚಮಚದಲ್ಲಿ ಬಡಿಯುತ್ತಿದ್ದಳು. ಟಕ್ ಟಕ್ ಟಕ್ ಟಕ್. ಒಂದು ಏಟೂ ಆಚೀಚೆ ಇಲ್ಲ, ಆದರೆ ನಾನು ಬಡಿಯೋದಕ್ಕಿಂತ ಜಾಸ್ತಿ ಸ್ಪೀಡು. ಚಿಕ್ಕ ಮಕ್ಕಳ ಸಹಜ ವೇಗವೇ ಅಷ್ಟಂತೆ, ಆಮೇಲೆ ಓದಿ ತಿಳಿದುಕೊಂಡೆ. ಸುಮ್ನೆ ಟೇಬಲ್ ತಟ್ಟಿ ಅಂದರೆ ದೊಡ್ಡವರು ಏಟಿನಿಂದ ಏಟಿಗೆ ಅರ್ಧ ಸೆಕೆಂಡಿಗಿಂತ ತುಸು ಜಾಸ್ತಿ ಬಿಡುತ್ತಾರೆ, ಮಕ್ಕಳು ಅಷ್ಟು ಕಾಯಲ್ಲ. ನಿಧಾನದ ಹಾಡಿಗೆ ಕಾಯೋದೇ ಅವರಿಗೆ ಕಷ್ಟ. ನಾವು ಅದನ್ನೇ ತಾಳ ಬರಲ್ಲ ಅಂದುಬಿಡುತ್ತೇವೆ.

ನಾನೂ ಒಂದು ಚಮಚ ತಗೊಂಡು ಎದುರಿಗೆ ಕೂತೆ. ಅವಳ ವೇಗದಲ್ಲೇ ಬಡಿದೆ. ಸ್ವಲ್ಪ ಹೊತ್ತಾದ ಮೇಲೆ, ಬೇಕಂತಲೇ, ಒಂಚೂರು ನಿಧಾನ ಮಾಡಿದೆ. ತಲೆ ಎತ್ತಿ ನನ್ನ ಕೈ ನೋಡಿದಳು, ಎರಡು ಏಟು ತಪ್ಪಿತು, ಮೂರನೆಯದಕ್ಕೆ ಬಂದು ಸೇರಿಕೊಂಡಳು. ಮೊಬೈಲಿಗೆ ಆಗದ್ದು ಎದುರಿಗೆ ಕೂತರೆ ಆಯಿತು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ ಹೀಗೇ: ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳು ಯಂತ್ರದ ಜೊತೆಗಿಂತ ಮನುಷ್ಯರ ಜೊತೆ ಡ್ರಮ್ ಬಡಿಯುವಾಗ ತಾಳವನ್ನು ಚೆನ್ನಾಗಿ ಹಿಡಿದಿದ್ದರು. ತಾಳ ಸರಿಯಾಗಿ ತಟ್ಟಿದರೆ ನಕ್ಷತ್ರ ಕೊಡುವ ಆ್ಯಪ್‌ಗಳ ಮೇಲೆ ನನಗೆ ನಂಬಿಕೆ ಇಲ್ಲದ್ದು ಇದಕ್ಕೇ.

ಇನ್ನೊಂದು, ತಾಳ ಮೊದಲು ಬರೋದು ಮೈಗೆ. ಬೇರೊಂದು ಅಧ್ಯಯನದಲ್ಲಿ ಏಳು ತಿಂಗಳ ಕೂಸುಗಳಿಗೆ ಒತ್ತೇ ಇಲ್ಲದ, ಅಂದರೆ ಎಲ್ಲ ಏಟೂ ಒಂದೇ ಜೋರಿನ, ಒಂದು ಲಯ ಕೇಳಿಸಿ, ಕೆಲವರನ್ನು ಎರಡೆರಡು ಏಟಿಗೆ, ಕೆಲವರನ್ನು ಮೂರು ಮೂರು ಏಟಿಗೆ ಎತ್ತಿ ಕುಣಿಸಿದರು. ತಮ್ಮನ್ನು ಕುಣಿಸಿದ ಲೆಕ್ಕದಲ್ಲಿ ಒತ್ತು ಬೀಳುವ ಲಯವನ್ನೇ ಕೂಸುಗಳು ಆಮೇಲೆ ಹೆಚ್ಚು ಹೊತ್ತು ಕೇಳಿದವು. ಬೇರೆಯವರು ಕುಣಿಯೋದನ್ನು ಸುಮ್ನೆ ನೋಡುತ್ತಾ ಕೂತಿದ್ದವಕ್ಕೆ ಹಾಗಾಗಲಿಲ್ಲ. ಜಿನೀವಾದ ಸಂಗೀತ ಮೇಷ್ಟ್ರು ಎಮಿಲ್ ಜಾಕ್-ಡಾಲ್‌ಕ್ರೋಜ್ ಕೂಡ ನೂರು ವರ್ಷಕ್ಕೂ ಹಿಂದೆ ಸ್ವರ ಸರಿ, ಲಯ ಮಾತ್ರ ಇಲ್ಲ ಅನ್ನುವ ವಿದ್ಯಾರ್ಥಿಗಳನ್ನು ವಾದ್ಯದಿಂದ ಎಬ್ಬಿಸಿ ತಾಳಕ್ಕೆ ನಡೆಸುತ್ತಿದ್ದರು. ನಮ್ಮನೆಯಲ್ಲಿ ಆನೆ ಥರ ನಡಿ, ಇಲಿ ಥರ ನಡಿ ಅಂತ ಅದೇ ನಡೆಯಿತು, ಮೇಷ್ಟ್ರಿಲ್ಲದೆ.

ಪುಸ್ತಕ ಓದಿ ಹೇಳೋದರಲ್ಲೂ ತಾಳದ ಇದೇ ಕೆಲಸ ಆಗುತ್ತೆ ಅಂತ ನನಗೆ ಹೊಳೆದದ್ದು ತಡವಾಗಿ. ಮೊ-ಸ-ಳೆ ಅಂದರೆ ಮೂರು ಚಪ್ಪಾಳೆ. 'ಚಿಟ್ಟೆ' ಅನ್ನೋ ಪದ ಬಂದಾಗ 'ಚಿಟ್' ಅಂದು ಕೈ ಗಾಳಿಯಲ್ಲೇ ನಿಲ್ಲಿಸಿ, ಆಮೇಲೆ 'ಟೆ' ಅಂತ ತಟ್ಟಿದಳು. ಒತ್ತಕ್ಷರ ಅನ್ನೋದು ಇನ್ನೂ ಗೊತ್ತೇ ಇಲ್ಲ, ಕಿವಿಗೆ ಗೊತ್ತಿದೆ! ಪ್ರಾಸದ ಸಾಲು ಓದುವಾಗ ಕೊನೇ ಪದ ಬಿಟ್ಟು ಸುಮ್ಮನಾಗಿ ನೋಡಿ, ಸರಿಯಾಗಿ ಆ ಜಾಗಕ್ಕೆ ಪದ ಬಂದು ಬೀಳುತ್ತೆ. ಅದೇ ಪುಸ್ತಕ ಇಪ್ಪತ್ತನೇ ಸಲ ಓದೋಕೆ ನಮಗೆ ಬೇಜಾರು, ನಿಜ.

ಮೊನ್ನೆ ನಿದ್ದೆಗಣ್ಣಲ್ಲಿ ಬೇಗ ಮುಗಿಸೋಣ ಅಂತ ಓಡಿಸಿಕೊಂಡು ಓದುತ್ತಿದ್ದೆ. ಪುಟದ ಮೇಲೆ ಅಂಗೈ ಇಟ್ಟಳು. "ಹಾಗಲ್ಲ ಅಪ್ಪ, ಅಲ್ಲಿ ನಿಲ್ಲಬೇಕು."