ಸಮುದ್ರ ಕಾಣುವ ಕಿಟಕಿ

ಮನೆ ನೋಡಲು ಹೋದ ದಿನ ನಾನು ನೋಡಿದ್ದು ಮನೆಯನ್ನಲ್ಲ, ಕಿಟಕಿಯನ್ನು. ಗಾಜಿನಾಚೆ ತೆಂಗಿನ ಮರಗಳ ಸಾಲು, ಅದರಾಚೆ ನೀಲಿ ಸಮುದ್ರ. ನಲ್ಲಿಯಲ್ಲಿ ನೀರು ಬರುತ್ತಾ, ಗೋಡೆ ಒಸರುತ್ತಾ, ಏನೂ ಕೇಳದೆ ಅಡ್ವಾನ್ಸ್ ಕೊಟ್ಟು ಬಂದೆ. 'ಕಿಟಕಿ ಸ್ವಲ್ಪ ಬಿಗಿ' ಅಂತ ಮಾಲೀಕರು ಹೇಳಿದ್ದರಂತೆ. ಅಲೆಯ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ.

ಮೊದಲ ದಿನ ಬೆಳಿಗ್ಗೆ ಬರಿಗಾಲಲ್ಲಿ ಮರಳ ಮೇಲೆ ನಡೆಯುವ ಆಸೆಯಾಯಿತು. ಚಪ್ಪಲಿ ಬಿಟ್ಟು ಹೋದೆ. ವಾಪಸ್ ಬರುವಾಗ ಏಳು ಗಂಟೆ, ಉಬ್ಬರ ತುಂಬಿತ್ತು, ಒಂದೇ ಚಪ್ಪಲಿ ಇತ್ತು. ಸರಿ, ಪಾಠ ಕಲಿತೆ. ಮಾರನೇ ದಿನ ಹೊಸ ಜೊತೆ ಹಾಕಿಕೊಂಡು ಏಳೂವರೆಗೆ ಹೋದೆ, ನಿನ್ನೆ ಏಳಕ್ಕೇ ತುಂಬಿತ್ತಲ್ಲ, ಇನ್ನು ನೀರು ಇಳಿಯುವುದೇ ತಾನೆ ಅಂತ ಅಲೆಯಂಚಿಗೆ ನಾಲ್ಕು ಹೆಜ್ಜೆ ಈಚೆ ಧೈರ್ಯವಾಗಿ ಬಿಟ್ಟೆ. ನಾನು ಗಡಿಯಾರ ನೋಡಿದ್ದೆ, ಸಮುದ್ರ ಚಂದ್ರನನ್ನು ನೋಡುತ್ತದೆ. ಆ ಚಂದ್ರ ದಿನವೂ ಅಷ್ಟಷ್ಟು ಮುಂದೆ ಸರಿಯುವುದರಿಂದ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ ಅನ್ನುವುದು ಗೊತ್ತಾಗುವಷ್ಟರಲ್ಲಿ ಎರಡನೇ ಜೊತೆಯೂ ಒಡೆದಿತ್ತು. ಈಗ ನನ್ನ ಹತ್ತಿರ ಎರಡು ಚಪ್ಪಲಿ ಇವೆ. ಎರಡೂ ಎಡಗಾಲಿನವು.

ಸೆಖೆಯ ವಿಷಯ ಜಾಸ್ತಿ ಹೇಳುವುದಿಲ್ಲ. ಬೆವರು ಆರಿದರೆ ತಾನೆ ಮೈ ತಂಪಾಗುವುದು? ಇಲ್ಲಿ ಗಾಳಿಯೇ ಒದ್ದೆ, ಬೆವರು ಹೋಗುವುದಾದರೂ ಎಲ್ಲಿಗೆ. ಸ್ನಾನ ಮಾಡಿ ಒರೆಸಿಕೊಂಡು ಮುಗಿಸುವಷ್ಟರಲ್ಲಿ ಮತ್ತೆ ಸ್ನಾನ ಬೇಕು. ಒರೆಸಿಕೊಂಡ ಟವೆಲ್ ಮಾತ್ರ ಮೊನ್ನೆಯದೇ ತೇವದಲ್ಲಿ ತೂಗುತ್ತಿರುತ್ತದೆ.

ಇನ್ನು ಶಂಖದ ಕಥೆ. ಒಂದು ಸಂಜೆ ಮರಳಲ್ಲಿ ಸುರುಳಿ ಸುರುಳಿಯಾದ ಪುಟ್ಟ ಶಂಖ ಸಿಕ್ಕಿತು, ಕಂದು ಗೆರೆ, ಒಳಗೆ ನುಣುಪು. ಮನೆಗೆ ತಂದು ಹಾಸಿಗೆ ಪಕ್ಕದ ಮೇಜಿನ ಮೇಲಿಟ್ಟು ಮಲಗಿದೆ. ನಡುರಾತ್ರಿ ಟಕ್, ಟಕ್. ಕಳ್ಳ ಬಂದ ಅಂತಲೇ ಎದ್ದು ದೀಪ ಹಾಕಿದರೆ ಶಂಖ ಮೇಜಿನಂಚಿನವರೆಗೆ ನಡೆದು ಹೋಗಿ, ನನ್ನ ಕನ್ನಡಕವನ್ನು ಕೆಳಗೆ ಕೆಡವಿ, ಮುಂದೇನು ಅಂತ ಯೋಚಿಸುತ್ತಿತ್ತು! ಕೆಳಗಿಂದ ಸಣ್ಣ ಕಾಲುಗಳು, ಕಡ್ಡಿಯ ತುದಿಯಲ್ಲಿ ಕೂತ ಹಾಗೆ ಎರಡು ಕಣ್ಣು. ಇದೊಂದು ಜಾತಿಯ ಏಡಿ. ಇದರ ಹೊಟ್ಟೆಯ ಭಾಗ ಮೆತ್ತಗೆ, ಅಲ್ಲಿಗೆ ಸ್ವಂತ ಗಟ್ಟಿ ಕವಚ ಇಲ್ಲ, ಹಾಗಾಗಿ ಯಾರೋ ಬಿಟ್ಟುಹೋದ ಶಂಖದಲ್ಲಿ ಬಾಡಿಗೆಗಿರುತ್ತದೆ, ಮೈ ಬೆಳೆದಂತೆ ದೊಡ್ಡದಕ್ಕೆ ಹೋಗುತ್ತದೆ. ಹೋಗುವ ಮೊದಲು ಹೊಸ ಶಂಖವನ್ನು ಕೊಂಬಿನಿಂದ ಹೊರಗೆಲ್ಲ ತಡವಿ, ಒಳಗೆ ಕೈಹಾಕಿ ಅಳತೆ ನೋಡಿಯೇ ಒಪ್ಪುತ್ತದಂತೆ. ನಾನು ಕಿಟಕಿ ನೋಡಿ ಅಡ್ವಾನ್ಸ್ ಕೊಟ್ಟವನು. ಟಾರ್ಚ್ ಹಿಡಿದು, ಎರಡು ಎಡಗಾಲಿನ ಚಪ್ಪಲಿ ಹಾಕಿಕೊಂಡು, ಮರ್ಯಾದೆಯಿಂದ ಅದನ್ನು ದಂಡೆಗೆ ಬಿಟ್ಟು ಬಂದೆ.

ಆ ಕಿಟಕಿ? ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲೆ ಒಡೆದಾಗ ಹಾರುವ ಹನಿಗಳ ಜೊತೆ ಅದೂ ಗಾಳಿಗೇರಿ ಸೀದಾ ನನ್ನ ಮನೆಗೆ ಬರುತ್ತದೆ. ಸೈಕಲ್ ಚೈನು, ಬೀಗ, ಕತ್ತರಿ, ಎಲ್ಲಕ್ಕೂ ತುಕ್ಕು. ಕಿಟಕಿಯ ಕೀಲಂತೂ ಯಾವ ಎಣ್ಣೆಗೂ ಜಗ್ಗಲಿಲ್ಲ. ಒಂದು ಸಂಜೆ ಸೂರ್ಯಾಸ್ತವನ್ನು ಗಾಜಿಲ್ಲದೆ ನೋಡಲೇಬೇಕು ಅಂತ ಹೆಗಲು ಕೊಟ್ಟು ನೂಕಿದೆ, ನೂಕುತ್ತಲೇ ಇದ್ದೆ, ಈ ಕಡೆ ಸೂರ್ಯ ಓರೆಯಾಗಿ ನಿಧಾನಕ್ಕೆ ಇಳಿಯುವುದಿಲ್ಲ, ಹೆಚ್ಚುಕಮ್ಮಿ ನೆಟ್ಟಗೆ ಮುಳುಗುತ್ತಾನೆ, ಹಾಗಾಗಿ ಕಿಟಕಿ ಧಡಾರ್ ಅಂತ ತೆರೆದಾಗ ಹೊರಗೆ ಕತ್ತಲೆ. ಆಮೇಲೆ ಮುಚ್ಚಲಿಲ್ಲ. ಆ ರಾತ್ರಿಯೇ ಮಳೆ ಬಂತು, ಅಡ್ಡಮಳೆ. ಮಾಲೀಕರಿಗೆ ಫೋನ್ ಮಾಡಿದರೆ, 'ಬಿಗಿ ಅಂತ ಹೇಳಿದ್ದೆ ಅಲ್ವಾ?'

ಕಿಟಕಿ ಕೆಳಗೆ ಬಕೆಟ್ ಇಟ್ಟು, ಕುರ್ಚಿ ಎಳೆದುಕೊಂಡು ಕೂತೆ. ಬೆಳಗಿನ ಜಾವ ಮಳೆ ನಿಂತಾಗ ಮೋಡದ ಸಂದಿಯಿಂದ ಚಂದ್ರ ಬಂದ, ನೀರ ಮೇಲೆ ಉದ್ದಕ್ಕೆ ಬೆಳ್ಳಗಿನ ದಾರಿ ಹಾಸಿತು. ಒದ್ದೆ ಬಟ್ಟೆಯಲ್ಲೇ ಬೆಳಕಾಗುವವರೆಗೂ ನೋಡಿದೆ.

ಬೆಳಿಗ್ಗೆ ಗೆಳೆಯನ ಫೋನ್. 'ಸಮುದ್ರದ ಪಕ್ಕದಲ್ಲೇ ಇದ್ದೀಯ, ಪುಣ್ಯವಂತ ಕಣೋ. ನಾನೂ ಬರಲಾ ಎರಡು ದಿನ?'

'ಬಾ ಮಾರಾಯ, ಕಿಟಕಿ ತೆರೆದೇ ಇದೆ' ಅಂದೆ. 'ಬರುವಾಗ ನನ್ನ ಅಳತೆಯ ಚಪ್ಪಲಿ ತಾ. ಬಲಗಾಲಿನದು ಸಾಕು.'