ಬುದ್ಧಿವಂತ ನಲ್ಲಿ

ಬಂಗಾರಪೇಟೆ ಕಡೆಯ ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಈಚೆಗೆ ಬುದ್ಧಿ ಬಂದಿದೆ. ಮೊದಲು ಅಲ್ಲಿದ್ದದ್ದು ಒಂದು ನಲ್ಲಿ, ಪಕ್ಕದಲ್ಲೊಬ್ಬ ಹುಡುಗ. ಅವನ ಕೈಗೆ ಐದು ರೂಪಾಯಿ ಇಟ್ಟರೆ ಕ್ಯಾನು ತುಂಬುತ್ತಿತ್ತು. ಎಂಥ ಅನಾಗರಿಕತೆ!

ಈಗ ನಾಣ್ಯದ ಪೆಟ್ಟಿಗೆ, ಕಾರ್ಡ್ ತೋರಿಸುವ ಗಾಜು, ಸೆನ್ಸರ್, ಸಿಮ್, ಜೊತೆಗೆ ಮಾತನಾಡುವ ಹೆಣ್ಣು ದನಿ. ನೀರು ಬರಲಿ ಬಿಡಲಿ, ಧನ್ಯವಾದ ಮಾತ್ರ ತಪ್ಪದು. ಪೆಟ್ಟಿಗೆಯದು ಭಾರಿ ಮಡಿ. 9 ಗ್ರಾಂ ತೂಗುವ ಹಳೆಯ ದಪ್ಪ ನಾಣ್ಯವನ್ನು ನುಂಗುತ್ತದೆ, 6 ಗ್ರಾಂನ ಹಳದಿ ನಾಣ್ಯವನ್ನು ಉಗಿಯುತ್ತದೆ. ಎದುರು ಮನೆಯ ಅಜ್ಜಿ ದಪ್ಪ ನಾಣ್ಯಗಳನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಕೂತಿದ್ದಾರೆ. ಒಂದಕ್ಕೆ ಆರು ರೂಪಾಯಿ. ಯೋಜನೆಯಿಂದ ಉದ್ಯೋಗ ಸೃಷ್ಟಿಯಾಗಿಲ್ಲ ಎನ್ನುವವರು ಬಂದು ನೋಡಲಿ.

ಗಣಿತದ ಮೇಷ್ಟ್ರೊಬ್ಬರು ಲೆಕ್ಕ ಒಪ್ಪಿಸಿದರು: "ಹತ್ತು ಭಾಗಗಳಿವೆ ಸ್ವಾಮಿ. ಒಂದೊಂದೂ ನೂರಕ್ಕೆ 95 ದಿನ ಸರಿಯಿದ್ದರೂ, ಹತ್ತೂ ಒಟ್ಟಿಗೆ ಸರಿಯಿರುವುದು ಸುಮಾರು 60 ದಿನ." ಸಾಹೇಬರು ಗಂಭೀರವಾಗಿ ಆಲಿಸಿ, ಹನ್ನೊಂದನೆಯ ಭಾಗವನ್ನು ಮಂಜೂರು ಮಾಡಿದರು: ಯಂತ್ರ ಕೆಟ್ಟರೆ ಕಚೇರಿಗೆ ಸುದ್ದಿ ಮುಟ್ಟಿಸುವ ಯಂತ್ರ. ಮೊದಲು ಕೆಟ್ಟದ್ದು ಅದೇ. ಹಾಗಾಗಿ ಕಡತದಲ್ಲಿ ಘಟಕ ಸುಸ್ಥಿತಿಯಲ್ಲಿದೆ.

ನಮ್ಮ ಹಿರಿಯರಿಗೆ ಈ ಸೂಕ್ಷ್ಮ ತಿಳಿದಿರಲಿಲ್ಲ. 1970ರ ದಶಕದಲ್ಲಿ ಸೋಲಾಪುರದ ಪಂಪನ್ನು ತಿದ್ದಿ ರೂಪಿಸಿದ ಇಂಡಿಯಾ ಮಾರ್ಕ್ 2 ಕೈಪಂಪನ್ನೇ ನೋಡಿ: ಹಿಡಿ, ಸರಪಳಿ, ಸಲಾಕೆ, ವಾಷರ್. ಮಕ್ಕಳು ಜೋತಾಡಿದರೂ ಅಲುಗದ ಮೊಂಡು. ನೀರೇ ಪಾತಾಳಕ್ಕೆ ಇಳಿದ ಮೇಲಷ್ಟೇ ಅದು ಸುಮ್ಮನಾದದ್ದು. ಇನ್ನು ಕೆರೆಯ ತೂಬಂತೂ ಕೇಳಲೇಬೇಡಿ. ಕಲ್ಲಿಗೊಂದು ತೂತು, ತೂತಿಗೊಂದು ಬೆಣೆ. ನೀರುಗಂಟಿ ಎತ್ತಿದರೆ ಗದ್ದೆಗೆ ನೀರು, ಇಳಿಸಿದರೆ ಇಲ್ಲ. ಪಾಸ್‌ವರ್ಡೂ ಇಲ್ಲ, ನವೀಕರಣವೂ ಇಲ್ಲ. ಟೆಂಡರ್ ಕರೆಯಲು ಏನಾದರೂ ಇರಬೇಡವೇ?

ಕಳೆದ ವಾರ ಹಳೆಯ ಹುಡುಗ ಘಟಕದ ಹಿಂದೆ ಹೋಗಿ, ಟ್ಯಾಂಕಿನ ಪೈಪಿಗೆ ಸೈಕಲ್ ಟ್ಯೂಬು ಸುತ್ತಿ, ತುದಿಗೆ ಮರದ ಬೆಣೆ ಬಡಿದಿದ್ದಾನೆ. ಅವನ ತಾತ ನೀರುಗಂಟಿ. ಊರಿನವರೆಲ್ಲ ಈಗ ಹಿಂದುಗಡೆಯೇ ಸಾಲು ನಿಲ್ಲುತ್ತಾರೆ; ಹಳದಿ ನಾಣ್ಯವೂ ನಡೆಯುತ್ತದೆ. ಅಜ್ಜಿಗೆ ಮಾತ್ರ ಅವನ ಮೇಲೆ ಕೋಪ.

ಮುಂದುಗಡೆ, ಯಾರೂ ಇಲ್ಲದ ಕಡೆ, ಆ ದನಿ "ದಯವಿಟ್ಟು ನಾಣ್ಯ ಹಾಕಿ" ಎನ್ನುತ್ತಲೇ ಇದೆ.